ಕಾರ್ಬೋಹೈಡ್ರೇಟ್ ಪೂರ್ತಿ ಬಿಟ್ಟುಬಿಡಲೇ?

ಪ್ರಶ್ನೆ: ನನಗೆ 43 ವರ್ಷ. ಈ ಸಲದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ರಕ್ತಸಕ್ಕರೆ ತೋರಿಸುವ ಅಂಕಿ) 5.9 ಬಂದಿದೆ. ಮಧುಮೇಹ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿದ್ದೀರಿ ಎಂದರು. ತೂಕ ಇರಬೇಕಾದ್ದಕ್ಕಿಂತ ಎಂಟು ಕಿಲೋ ಹೆಚ್ಚಿದೆ. ಮಾತ್ರೆ ಯಾವುದೂ ಇಲ್ಲ. ಸಹೋದ್ಯೋಗಿಯೊಬ್ಬರು ಅನ್ನ, ಬ್ರೆಡ್, ಹಣ್ಣು ಎಲ್ಲವನ್ನೂ ನಿಲ್ಲಿಸಿ ಹತ್ತೇ ದಿನಗಳಲ್ಲಿ ಮೂರು ಕಿಲೋ ಇಳಿದಿದ್ದಾರೆ. ‘ಕಾರ್ಬೋಹೈಡ್ರೇಟ್ ದೇಹಕ್ಕೆ ಬೇಕಾಗಿಯೇ ಇಲ್ಲ, ಅದು ನಿಧಾನ ವಿಷ’ ಎನ್ನುತ್ತಾರೆ. ಅದೇ ಶಕ್ತಿಯ ಮೂಲವೆಂದು ಶಾಲೆಯಲ್ಲಿ ಓದಿದ ನೆನಪು ನನಗೆ. ಯಾರನ್ನು ನಂಬಲಿ? ಓಟದ ಅಭ್ಯಾಸ ಮಾಡುವ ಹದಿನೈದು ವರ್ಷದ ಮಗನಿಗೂ ನಿಲ್ಲಿಸಬೇಕೇ?

ಉತ್ತರ: ಮೊದಲು ಆ ಮೂರು ಕಿಲೋಗಳ ಲೆಕ್ಕ ಮುಗಿಸೋಣ. ಅದರಲ್ಲಿ ಹೆಚ್ಚಿನ ಪಾಲು ನೀರು. ವಯಸ್ಕರ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜೆನ್ ಎಂಬ ಪಿಷ್ಟದಂಥ ವಸ್ತು ದಾಸ್ತಾನಿರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಬ್ರೆಡ್ಡು ನಿಲ್ಲಿಸಿದ ಮೊದಲ ದಿನಗಳಲ್ಲಿ ದೇಹ ಈ ದಾಸ್ತಾನನ್ನು ಕರಗಿಸುತ್ತದೆ, ನೀರು ಬಿಡುಗಡೆಯಾಗುತ್ತದೆ. ಇನ್ಸುಲಿನ್ ಮಟ್ಟ ಇಳಿಯುವುದರಿಂದ ಮೂತ್ರಪಿಂಡಗಳು ಉಪ್ಪನ್ನೂ ಅದರ ಬೆನ್ನಿಗೆ ಇನ್ನಷ್ಟು ನೀರನ್ನೂ ಹೊರಹಾಕುತ್ತವೆ. ತಕ್ಕಡಿ ಸುಳ್ಳು ಹೇಳಿಲ್ಲ, ಆದರೆ ಏನು ಇಳಿಯಿತೆಂದು ಹೇಳುವ ಶಕ್ತಿ ಅದಕ್ಕಿಲ್ಲ. ನಿಮ್ಮ ಸಹೋದ್ಯೋಗಿ ನಾಲ್ಕು ದಿನ ಮೊದಲಿನಂತೆ ಉಂಡರೆ ಅದರಲ್ಲಿ ದೊಡ್ಡ ಪಾಲು ಮರಳಿ ಬರುತ್ತದೆ. ಆಗ ಬೈಗುಳ ಅನ್ನಕ್ಕೆ.

ಇನ್ನು ‘ಬೇಕಾಗಿಯೇ ಇಲ್ಲ’ ಎಂಬ ಮಾತು. ನಿಮಗೆ ಅಚ್ಚರಿಯಾಗಬಹುದು, ಕಟ್ಟುನಿಟ್ಟಾಗಿ ನೋಡಿದರೆ ಅದರಲ್ಲಿ ಸತ್ಯವಿದೆ. ಆಹಾರದಿಂದಲೇ ಬರಬೇಕಾದ, ದೇಹ ತಾನಾಗಿ ತಯಾರಿಸಲಾಗದ ಅಮೈನೋ ಆಮ್ಲಗಳಿವೆ, ಕೊಬ್ಬಿನ ಆಮ್ಲಗಳಿವೆ. ಹಾಗೆ ‘ಅತ್ಯಗತ್ಯ’ ಎಂದು ಹೆಸರಿಸಬಹುದಾದ ಕಾರ್ಬೋಹೈಡ್ರೇಟ್ ಒಂದೂ ಇಲ್ಲ. ಗ್ಲೂಕೋಸ್ ಸಿಗದಿದ್ದರೆ ಯಕೃತ್ತು ಪ್ರೋಟೀನಿನ ತುಣುಕುಗಳಿಂದ, ಕೊಬ್ಬಿನ ಗ್ಲಿಸರಾಲ್‌ನಿಂದ ಅದನ್ನು ತಯಾರಿಸುತ್ತದೆ. ಉಪವಾಸ ದೀರ್ಘವಾದಾಗ ಮಿದುಳು ಕೂಡ ತನ್ನ ಅಗತ್ಯದ ಬಹುಪಾಲನ್ನು ಕೊಬ್ಬಿನಿಂದ ಹುಟ್ಟುವ ಕೀಟೋನುಗಳಿಂದ ಪೂರೈಸಿಕೊಳ್ಳಲು ಕಲಿಯುತ್ತದೆ. ಆದರೆ ದೇಹ ಇಷ್ಟೊಂದು ಕಷ್ಟಪಟ್ಟು ಗ್ಲೂಕೋಸನ್ನು ಯಾಕೆ ತಯಾರಿಸಿಕೊಳ್ಳುತ್ತದೆ? ಅದಿಲ್ಲದೆ ನಡೆಯದ ಕಾರಣಕ್ಕೆ. ಕೆಂಪು ರಕ್ತಕಣಗಳಲ್ಲಿ ಕೊಬ್ಬನ್ನು ಉರಿಸಬಲ್ಲ ಒಲೆಗಳಾದ ಮೈಟೋಕಾಂಡ್ರಿಯಾ ಇಲ್ಲ, ಅವುಗಳಿಗೆ ಗ್ಲೂಕೋಸ್ ಬಿಟ್ಟು ಬೇರೆ ಇಂಧನವೇ ಗೊತ್ತಿಲ್ಲ. ಸಾಮಾನ್ಯ ದಿನಗಳಲ್ಲಿ ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ. ಅಮೆರಿಕದ ಆಹಾರ ಶಿಫಾರಸುಗಳಲ್ಲಿ ದಿನಕ್ಕೆ ಕನಿಷ್ಠ 130 ಗ್ರಾಂ ಕಾರ್ಬೋಹೈಡ್ರೇಟ್ ಎಂದು ಕಾಣುವ ಅಂಕಿಗೆ ಆಧಾರ ಮಿದುಳಿನ ಈ ಬಳಕೆಯೇ.

‘ನಿಧಾನ ವಿಷ’ ಎಂಬ ಇನ್ನೊಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೋಡಿಯಾಗಿ ಒಳಗೆ ಸೆಳೆದುಕೊಳ್ಳುವ ಬಾಗಿಲುಗಳಿವೆ, ಅವುಗಳ ಹಿಂದೆ ನೀರೂ ಒಳಗೆ ಬರುತ್ತದೆ. ವಾಂತಿಭೇದಿಯಲ್ಲಿ ದೇಹ ಬತ್ತಿಹೋಗುವಾಗಲೂ ಈ ಬಾಗಿಲುಗಳು ಕೆಲಸ ನಿಲ್ಲಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ದ್ರಾವಣದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುವುದು ಈ ಕಾರಣಕ್ಕೆ, ರುಚಿಗಾಗಿ ಅಲ್ಲ. ಕೋಟ್ಯಂತರ ಮಕ್ಕಳ ಜೀವ ಉಳಿಸಿದ ವಸ್ತುವಿಗೆ ವಿಷವೆಂಬ ಹೆಸರಿಡುವ ಮೊದಲು ಸ್ವಲ್ಪ ಯೋಚಿಸಬೇಕಿತ್ತು.

ಹಾಗಾದರೆ ಗೊಂದಲ ಎಲ್ಲಿಂದ ಬಂತು? ನನ್ನ ಅಭಿಪ್ರಾಯದಲ್ಲಿ ಹೆಸರಿನಿಂದ. ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ಸಕ್ಕರೆ, ಪಿಷ್ಟಗಳ ಸೂತ್ರ ಬರೆದು ನೋಡಿದಾಗ ಇಂಗಾಲಕ್ಕೆ ನೀರು ಸೇರಿಸಿದಂತೆ ಕಂಡಿತು, ಹಾಗೆ ಕಾರ್ಬೋಹೈಡ್ರೇಟ್ ಎಂದರು. ನಮ್ಮ ಪಠ್ಯಪುಸ್ತಕಗಳು ಅದನ್ನು ಶರ್ಕರಪಿಷ್ಟ ಎಂದು ಕನ್ನಡಿಸಿದವು. ಒಳ್ಳೆಯ ಪದವೇ. ಆದರೆ ಅದರಲ್ಲಿ ಶರ್ಕರವಿದೆ, ಪಿಷ್ಟವಿದೆ, ಮೂರನೆಯವನು ಕಾಣೆಯಾಗಿದ್ದಾನೆ. ನಾರು. ಆರೋಗ್ಯದ ವಿಷಯದಲ್ಲಿ ಈ ಕುಟುಂಬದ ಬಗ್ಗೆ ನಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ ಈ ಮೂರನೆಯವನನ್ನು ಲೆಕ್ಕಕ್ಕೆ ತೆಗೆದುಕೊಂಡರೆ ತಾವಾಗಿ ತಣ್ಣಗಾಗುತ್ತವೆ.

ರಸಾಯನಶಾಸ್ತ್ರದ ಒಂದು ವಿಚಿತ್ರ ಹೇಳಿಬಿಡುತ್ತೇನೆ. ಆಲೂಗಡ್ಡೆಯ ಪಿಷ್ಟವೂ ನೀವು ತೊಟ್ಟ ಹತ್ತಿ ಬಟ್ಟೆಯ ಸೆಲ್ಯುಲೋಸೂ ಗ್ಲೂಕೋಸಿನದೇ ಸರಪಳಿಗಳು. ವ್ಯತ್ಯಾಸವಿರುವುದು ಕೊಂಡಿ ತಿರುಗಿರುವ ದಿಕ್ಕಿನಲ್ಲಿ ಮಾತ್ರ. ಪಿಷ್ಟದ ಕೊಂಡಿಯನ್ನು ನಮ್ಮ ಜೊಲ್ಲಿನ ಅಮೈಲೇಸ್ ಕಿಣ್ವ ಬಾಯಲ್ಲೇ ಕತ್ತರಿಸತೊಡಗುತ್ತದೆ. ಅನ್ನವನ್ನು ಚೆನ್ನಾಗಿ ಅಗಿದು ನುಂಗದೆ ಇಟ್ಟುಕೊಂಡರೆ ಕೊಂಚ ಸಿಹಿಯೆನಿಸುವುದು ಅದರಿಂದ. ಸೆಲ್ಯುಲೋಸಿನ ಕೊಂಡಿಯನ್ನು ಕತ್ತರಿಸುವ ಕಿಣ್ವ ಮನುಷ್ಯನಲ್ಲಿಲ್ಲ. ಒಂದೇ ಮಣಿ, ಎರಡು ಬಗೆಯ ಪೋಣಿಕೆ. ಒಂದು ಊಟವಾಯಿತು, ಇನ್ನೊಂದು ಅಂಗಿಯಾಯಿತು. ಇವೆರಡನ್ನೂ ಒಂದೇ ಹೆಸರಿನಡಿ ಹಾಕಿ ‘ಕಾರ್ಬೋಹೈಡ್ರೇಟ್ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳಿದರೆ ಉತ್ತರ ಎಲ್ಲಿಂದ ಬರಬೇಕು?

ಈಗ ನಿಮ್ಮ 5.9ಕ್ಕೆ ಬರೋಣ. ನಿಮ್ಮ ಇಡೀ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಕರಗಿರುವ ಗ್ಲೂಕೋಸ್ ಎಷ್ಟು ಗೊತ್ತೇ? ನಾಲ್ಕೈದು ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಒಂದು ಊಟದಿಂದ ಅರವತ್ತು, ಎಪ್ಪತ್ತು ಗ್ರಾಂ ಒಳಗೆ ಬಂದರೂ ಈ ಚಮಚ ತುಂಬಿ ಚೆಲ್ಲದಂತೆ ಕಾಯುವುದು ಇನ್ಸುಲಿನ್. ಮೇದೋಜ್ಜೀರಕ ಗ್ರಂಥಿಯಿಂದ ಹೊರಟ ಅದು ಸ್ನಾಯು ಮತ್ತು ಕೊಬ್ಬಿನ ಕೋಶಗಳಿಗೆ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವಂತೆ ಹೇಳುತ್ತದೆ, ಯಕೃತ್ತಿಗೆ ದಾಸ್ತಾನು ಮಾಡಲು ಹೇಳುತ್ತದೆ. ಹೊಟ್ಟೆಯ ಸುತ್ತ, ಯಕೃತ್ತಿನೊಳಗೆ, ಸ್ನಾಯುಗಳೊಳಗೆ ಕೊಬ್ಬು ಸೇರಿದಾಗ ಈ ಮಾತು ಆ ಕೋಶಗಳಿಗೆ ಸರಿಯಾಗಿ ಕೇಳಿಸುವುದಿಲ್ಲ. ಗ್ರಂಥಿ ಇನ್ನಷ್ಟು ಜೋರಾಗಿ ಕೂಗುತ್ತದೆ, ಅಂದರೆ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇರುವವರಲ್ಲಿ ಸಾಮಾನ್ಯವಾಗಿ ನಡೆಯುತ್ತಿರುವುದು ಇದು. ಮೂಲ ತೊಂದರೆ ಅನ್ನ ಒಳಗೆ ಬಂದದ್ದಕ್ಕಿಂತ, ಬಂದದ್ದನ್ನು ಇಟ್ಟುಕೊಳ್ಳಲು ಜಾಗ ಇಕ್ಕಟ್ಟಾದದ್ದು.

ಅದಕ್ಕೇ 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಪ್ರಯೋಗವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ನಿಮ್ಮಂತೆಯೇ ಹೊಸ್ತಿಲಲ್ಲಿದ್ದ 3,234 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ದೇಹತೂಕದ ಶೇ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ. ಸುಮಾರು ಮೂರು ವರ್ಷಗಳಲ್ಲಿ ಆ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗಿದವರ ಪ್ರಮಾಣ ಶೇ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ಪಡೆದ ಗುಂಪಿನಲ್ಲಿ ಇಳಿಕೆ ಶೇ 31. ತಮಾಷೆಯೆಂದರೆ ಆ ಮೊದಲ ಗುಂಪಿಗೆ ಕಾರ್ಬೋಹೈಡ್ರೇಟ್ ಬಿಡಿ ಎಂದು ಯಾರೂ ಹೇಳಿರಲಿಲ್ಲ. ಕೊಬ್ಬು ಮತ್ತು ಒಟ್ಟು ಕ್ಯಾಲೊರಿ ಕಡಿಮೆ ಮಾಡಿ ಎಂದಿದ್ದರು.

ಹಾಗೆಂದು ಕಡಿಮೆ ಕಾರ್ಬೋಹೈಡ್ರೇಟಿನ ಆಹಾರ ನಿಷ್ಪ್ರಯೋಜಕ ಎನ್ನುವವರ ಸಾಲಿಗೂ ನಾನು ಸೇರುವುದಿಲ್ಲ. ಮಧುಮೇಹ ಇರುವವರಲ್ಲಿ ಮೊದಲ ಆರು ತಿಂಗಳು ಅದು ಎಚ್‌ಬಿಎ1ಸಿಯನ್ನು ಚೆನ್ನಾಗಿಯೇ ಇಳಿಸುತ್ತದೆ. ಹಸಿವು ಕಡಿಮೆಯಾಯಿತು ಎನ್ನುವವರೂ ಇದ್ದಾರೆ. ವರ್ಷ ಕಳೆಯುವ ಹೊತ್ತಿಗೆ ಉಳಿದ ಆಹಾರಕ್ರಮಗಳಿಗೂ ಇದಕ್ಕೂ ಇರುವ ಅಂತರ ಕುಗ್ಗುತ್ತದೆ, ಏಕೆಂದರೆ ಬಹಳ ಜನ ಅದನ್ನು ಮುಂದುವರಿಸಲಾರರು. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಪ್ರಯೋಗವೊಂದರಲ್ಲಿ 609 ಜನರನ್ನು ಕಡಿಮೆ ಕೊಬ್ಬು, ಕಡಿಮೆ ಕಾರ್ಬೋಹೈಡ್ರೇಟ್ ಎಂದು ಎರಡು ಗುಂಪು ಮಾಡಿದರು. ಎರಡಕ್ಕೂ ಸಕ್ಕರೆ, ಮೈದಾದಂಥವನ್ನು ದೂರವಿಟ್ಟು ಆದಷ್ಟು ಇಡಿಯಾದ ಆಹಾರ ತಿನ್ನಿ ಎಂದು ಹೇಳಿದ್ದರು. ಹನ್ನೆರಡು ತಿಂಗಳ ನಂತರ ಇಳಿಕೆ ಒಂದರಲ್ಲಿ ಸರಾಸರಿ 5.3 ಕಿಲೋ, ಇನ್ನೊಂದರಲ್ಲಿ 6 ಕಿಲೋ. ಆ ವ್ಯತ್ಯಾಸಕ್ಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅರ್ಥವಿರಲಿಲ್ಲ. ಯಾವುದನ್ನು ಕಡಿಮೆ ಮಾಡಿದರು ಎನ್ನುವುದಕ್ಕಿಂತ ಏನನ್ನು ತಿನ್ನುತ್ತಾ ಉಳಿದರು ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. (ಅಂದಹಾಗೆ ಕಾರ್ಬೋಹೈಡ್ರೇಟ್ ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಕೀಟೋ ಆಹಾರ ಇಂದಿನ ಫ್ಯಾಷನ್ನೇನೂ ಅಲ್ಲ, 1921ರಿಂದಲೇ ಅಪಸ್ಮಾರದ ಚಿಕಿತ್ಸೆಯಲ್ಲಿದೆ. ಔಷಧಿಗೆ ಜಗ್ಗದ ಮಕ್ಕಳಿಗೆ ಈಗಲೂ ವೈದ್ಯರ ಕಣ್ಗಾವಲಿನಲ್ಲಿ ಕೊಡುತ್ತಾರೆ.)

ಏನನ್ನು ತಿನ್ನುತ್ತೀರಿ ಎಂಬ ಪ್ರಶ್ನೆಗೆ ನಾರಿನ ಮೂಲಕವೇ ಉತ್ತರ ಹುಡುಕಬಹುದು. 1977ರ ಒಂದು ಸರಳ ಪ್ರಯೋಗ ನನಗೆ ಬಹಳ ಇಷ್ಟ. ಸೇಬನ್ನು ಇಡಿಯಾಗಿ, ರುಬ್ಬಿ, ರಸ ಹಿಂಡಿ ಮೂರು ರೂಪದಲ್ಲಿ ಕೊಟ್ಟು ನೋಡಿದರು. ಮೂರರಲ್ಲೂ ಸಕ್ಕರೆ ಅಷ್ಟೇ. ರಸವನ್ನು ಇಡೀ ಹಣ್ಣಿಗಿಂತ ಹನ್ನೊಂದು ಪಟ್ಟು ಬೇಗ ಮುಗಿಸಬಹುದಿತ್ತು, ಹೊಟ್ಟೆ ತುಂಬಿದ ಭಾವ ಕಡಿಮೆ, ಇನ್ಸುಲಿನ್ ಏರಿಕೆ ಹೆಚ್ಚು. ರುಬ್ಬಿದ ಸೇಬಿನಲ್ಲಿ ನಾರೆಲ್ಲ ಒಳಗೇ ಇದ್ದರೂ ಅದು ಇಡೀ ಹಣ್ಣಿನಂತೆ ವರ್ತಿಸಲಿಲ್ಲ. ಅಂದರೆ ನಾರಿನ ತೂಕ ಮಾತ್ರವಲ್ಲ, ಅದು ಕಟ್ಟಿದ್ದ ಗೋಡೆಯೂ ಲೆಕ್ಕಕ್ಕೆ ಬರುತ್ತದೆ. ಸಸ್ಯದ ಕೋಶಭಿತ್ತಿಯೊಳಗೆ ಸಿಕ್ಕಿಕೊಂಡ ಸಕ್ಕರೆ, ಪಿಷ್ಟಗಳನ್ನು ಕಿಣ್ವಗಳು ಬಾಗಿಲು ತಟ್ಟಿ ಹೊರಗೆಳೆಯಬೇಕು. ಗಿರಣಿಯಲ್ಲಿ ನುಣ್ಣಗೆ ಹಿಟ್ಟಾದಾಗ, ಮಿಕ್ಸರಿನಲ್ಲಿ ರಸವಾದಾಗ ಬಾಗಿಲುಗಳೆಲ್ಲ ಮೊದಲೇ ತೆರೆದಿರುತ್ತವೆ.

ನಾರು ಕರುಳಿನಲ್ಲಿ ಸುಮ್ಮನೆ ಹಾದುಹೋಗುವ ಕಸ ಎಂದು ಬಹಳ ಕಾಲ ತಿಳಿದಿದ್ದರು. ಆಫ್ರಿಕಾದಲ್ಲಿ ಕೆಲಸ ಮಾಡಿದ ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1970ರ ದಶಕದಲ್ಲಿ ಈ ಕಸದ ಪರವಾಗಿ ಗಟ್ಟಿಯಾಗಿ ಮಾತನಾಡಿದಾಗ ನಕ್ಕವರೂ ಇದ್ದರು. ಈಗ ಗೊತ್ತಿರುವುದು ಇಷ್ಟು: ನಾವು ಜೀರ್ಣಿಸಲಾರದ ನಾರಿನ ಒಂದು ಭಾಗವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಣಿಯ ಕೊಬ್ಬಿನ ಆಮ್ಲಗಳನ್ನು ತಯಾರಿಸುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳ ಮುಖ್ಯ ಊಟ. ಓಟ್ಸ್, ಬಾರ್ಲಿಗಳಲ್ಲಿರುವ ಬೀಟಾ ಗ್ಲೂಕಾನ್ ಎಂಬ ಅಂಟಂಟಾದ ನಾರು ದಿನಕ್ಕೆ ಮೂರು ಗ್ರಾಂ ಒಳಗೆ ಹೋದರೆ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲ್ ಕೊಂಚ ಇಳಿಯುತ್ತದೆ. 185 ದೀರ್ಘಾವಧಿ ಅಧ್ಯಯನಗಳನ್ನೂ 58 ಪ್ರಯೋಗಗಳನ್ನೂ ಒಟ್ಟುಗೂಡಿಸಿದ 2019ರ ಪರಾಮರ್ಶೆಯಲ್ಲಿ, ಅತಿ ಕಡಿಮೆ ನಾರು ತಿನ್ನುವವರಿಗೆ ಹೋಲಿಸಿದರೆ ಅತಿ ಹೆಚ್ಚು ತಿನ್ನುವವರಲ್ಲಿ ಒಟ್ಟು ಸಾವು, ಹೃದ್ರೋಗ, ಪಾರ್ಶ್ವವಾಯು, ಟೈಪ್ 2 ಮಧುಮೇಹ, ದೊಡ್ಡ ಕರುಳಿನ ಕ್ಯಾನ್ಸರ್ ಇವು ಶೇ 15ರಿಂದ 30ರಷ್ಟು ಕಡಿಮೆ ಕಂಡವು. ದಿನಕ್ಕೆ 25ರಿಂದ 29 ಗ್ರಾಂ ನಾರಿನ ಮಟ್ಟದಲ್ಲಿ ಲಾಭ ಚೆನ್ನಾಗಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ಕನಿಷ್ಠ 25 ಗ್ರಾಂ ಎಂದದ್ದೂ ಇದೇ ಬಗೆಯ ಆಧಾರದ ಮೇಲೆ. ನಿಮ್ಮ ಸಹೋದ್ಯೋಗಿ ಹಣ್ಣನ್ನೂ ಇಡಿಧಾನ್ಯವನ್ನೂ ಒಟ್ಟಿಗೆ ಹೊರಗೆಸೆದಾಗ ಕಳೆದುಕೊಂಡದ್ದು ಇದನ್ನು.

ಧಾನ್ಯದ ತೌಡು, ಮೊಳಕೆಯ ಭಾಗ ತೆಗೆದಾಗ ನಾರಿನ ಜೊತೆ ಇನ್ನೂ ಏನೇನೋ ಹೋಗುತ್ತದೆ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡಿರುವ ಅಕ್ಕಿ ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ಮನುಷ್ಯರಲ್ಲಿ ಬೆರಿಬೆರಿ ಎನಿಸಿಕೊಂಡ ಕಾಯಿಲೆಗೆ ಕಾರಣ ತೌಡಿನೊಂದಿಗೆ ಹೋದ ಥಯಾಮಿನ್ ಅಂದರೆ ಬಿ1 ಎಂದು ಆಮೇಲೆ ತಿಳಿಯಿತು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಇದರಲ್ಲಿ ಸ್ವಾರಸ್ಯವಿರುವುದು ಮುಂದಿನ ಸಂಗತಿಯಲ್ಲಿ: ಗ್ಲೂಕೋಸನ್ನು ಪೂರ್ತಿ ಉರಿಸಿ ಶಕ್ತಿ ಪಡೆಯಲು ದೇಹಕ್ಕೆ ಥಯಾಮಿನ್ ಬೇಕೇ ಬೇಕು. ಕಾಳು ತನ್ನ ಪಿಷ್ಟವನ್ನೂ ಅದನ್ನು ಉರಿಸುವ ಕಡ್ಡಿಯನ್ನೂ ಒಟ್ಟಿಗೇ ಇಟ್ಟಿತ್ತು, ನಾವು ಕಡ್ಡಿಯನ್ನು ದನಕ್ಕೆ ಹಾಕಿ ಪಿಷ್ಟವನ್ನು ತಿಂದೆವು.

ಸಕ್ಕರೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮಗೆ ಗೊತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಟ್ಟು ಶಕ್ತಿಯ ಶೇ 10, ಸಾಧ್ಯವಾದರೆ ಶೇ 5. ದಿನಕ್ಕೆ 2,000 ಕ್ಯಾಲೊರಿ ಲೆಕ್ಕದಲ್ಲಿ ಅದು 50 ಗ್ರಾಂ ಅಥವಾ 25 ಗ್ರಾಂ. ಈ ಲೆಕ್ಕದಲ್ಲಿ ಜೇನುತುಪ್ಪವೂ ಹಣ್ಣಿನ ರಸವೂ ಸೇರುತ್ತವೆ, ಇಡೀ ಹಣ್ಣು ಸೇರುವುದಿಲ್ಲ. 330 ಮಿಲಿಲೀಟರಿನ ಒಂದು ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಅರ್ಧ ಭಾಗ ಫ್ರಕ್ಟೋಸ್, ಅದರ ಹೆಚ್ಚಿನ ಪಾಲು ಯಕೃತ್ತಿನ ಪಾಲಿಗೆ. ಕುಡಿದ ಕ್ಯಾಲೊರಿಯನ್ನು ಹಸಿವು ಸರಿಯಾಗಿ ಎಣಿಸಿಕೊಳ್ಳುವುದಿಲ್ಲ, ಮುಂದಿನ ಊಟ ಅಷ್ಟೇ ದೊಡ್ಡದಾಗಿರುತ್ತದೆ. ನೀವು ಬಿಡಬೇಕಾದ ಒಂದೇ ವಸ್ತು ಹೆಸರಿಸಿ ಎಂದರೆ ನಾನು ಸಿಹಿ ಪಾನೀಯ ಎನ್ನುತ್ತೇನೆ. ಹಲ್ಲಿಗೂ ಅದೇ ಮಾತು, ಅಲ್ಲಿ ಎಷ್ಟು ತಿಂದಿರಿ ಎನ್ನುವಷ್ಟೇ ಎಷ್ಟು ಸಲ ತಿಂದಿರಿ ಎನ್ನುವುದೂ ಮುಖ್ಯ.

ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಹೇಳುವ ಗ್ಲೈಸೀಮಿಕ್ ಇಂಡೆಕ್ಸ್ ಪಟ್ಟಿ ನೋಡಿ ಊಟ ಆರಿಸುವವರಿದ್ದಾರೆ. 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ರೂಪಿಸಿದ ಆ ಅಳತೆ ಉಪಯುಕ್ತವೇ, ಆದರೆ ಅದನ್ನು ಪಂಚಾಂಗದಂತೆ ಓದಬೇಡಿ. ಕಲ್ಲಂಗಡಿಯ ಅಂಕಿ ಹೆಚ್ಚು, ಆದರೆ ಒಂದು ಹೋಳಿನಲ್ಲಿ ಇರುವುದು ಬಹುಪಾಲು ನೀರು. ಐಸ್‌ಕ್ರೀಮಿನ ಅಂಕಿ ಕಡಿಮೆ, ಏಕೆಂದರೆ ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ. ನಿಮಗೆ ಯಾವುದನ್ನು ತಿನ್ನಲು ಹೇಳಲಿ?

ನನ್ನ ಬಳಿ ಇರುವ ಅಳತೆ ಇನ್ನೂ ಒರಟು, ಆದರೆ ಕೆಲಸಕ್ಕೆ ಬರುತ್ತದೆ. ಪ್ರತಿ ಹತ್ತು ಗ್ರಾಂ ಕಾರ್ಬೋಹೈಡ್ರೇಟಿಗೆ ಕನಿಷ್ಠ ಒಂದು ಗ್ರಾಂ ನಾರು ಇದೆಯೇ ನೋಡಿ. ಪೊಟ್ಟಣದ ಆಹಾರವಾದರೆ ಲೇಬಲ್ಲಿನಲ್ಲೇ ಬರೆದಿರುತ್ತದೆ. ಬೇಯಿಸಿದ 100 ಗ್ರಾಂ ಬಿಳಿ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್, ನಾರು ಅರ್ಧ ಗ್ರಾಂ ಕೂಡ ಇಲ್ಲ. ಅದೊಂದೇ ಆದರೆ ಪರೀಕ್ಷೆಯಲ್ಲಿ ಫೇಲು. ಬೇಯಿಸಿದ 100 ಗ್ರಾಂ ಮಸೂರಕಾಳಿನಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್, 8 ಗ್ರಾಂ ನಾರು. ಎರಡನ್ನೂ ಸಮಸಮ ಬಡಿಸಿಕೊಂಡರೆ 48ಕ್ಕೆ ಎಂಟು ಗ್ರಾಂ ದಾಟುತ್ತದೆ. ಅನ್ನ ಬಿಡದೆಯೇ ಪಾಸಾದಿರಿ. ತಟ್ಟೆಯಲ್ಲಿ ಅನ್ನ ಕಾಲು ಭಾಗಕ್ಕೆ ಇಳಿಯಲಿ, ಕಾಳು ಅಥವಾ ಇನ್ನೊಂದು ಪ್ರೋಟೀನ್ ಕಾಲು ಭಾಗ, ಉಳಿದರ್ಧ ತರಕಾರಿ. ತರಕಾರಿ, ಕಾಳುಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದರೆ ಊಟದ ನಂತರದ ಗ್ಲೂಕೋಸ್ ಏರಿಕೆ ತಗ್ಗುತ್ತದೆ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಗ್ಲೂಕೋಸನ್ನು ತಾನೇ ಒಳಗೆ ಸೆಳೆದುಕೊಳ್ಳುತ್ತದೆ. ನಾರನ್ನು ಮಾತ್ರ ಒಂದೇ ವಾರದಲ್ಲಿ ದುಪ್ಪಟ್ಟು ಮಾಡಬೇಡಿ, ಹೊಟ್ಟೆ ಉಬ್ಬರಿಸಿ ನನ್ನನ್ನು ಶಪಿಸುತ್ತೀರಿ. ಮೂರ್ನಾಲ್ಕು ವಾರಗಳಲ್ಲಿ ಏರಿಸಿ, ನೀರು ಹೆಚ್ಚಿಸಿ.

ಅನ್ನವನ್ನು ತಣ್ಣಗಾಗಿಸಿ ತಿಂದರೆ ಒಳ್ಳೆಯದೇ ಎಂದು ಮುಂದಿನ ಪತ್ರದಲ್ಲಿ ಕೇಳುವಿರಿ, ಈಗಲೇ ಹೇಳುತ್ತೇನೆ. ತಣಿದಾಗ ಪಿಷ್ಟದ ಒಂದಿಷ್ಟು ಭಾಗ ಮರುಜೋಡಣೆಯಾಗಿ ಕಿಣ್ವಗಳಿಗೆ ಸಿಗದಂತಾಗುತ್ತದೆ, ನಾರಿನಂತೆ ದೊಡ್ಡ ಕರುಳು ತಲುಪುತ್ತದೆ. ಪರಿಣಾಮ ನಿಜ, ಆದರೆ ಸಣ್ಣದು. ತಣಿಸುವುದಾದರೆ ಬೇಗ ಫ್ರಿಜ್ಜಿನಲ್ಲಿಡಿ. ಹೊರಗೆ ಗಂಟೆಗಟ್ಟಲೆ ಬಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಮಗನ ತಟ್ಟೆಗೆ ದಯವಿಟ್ಟು ಕೈ ಹಾಕಬೇಡಿ. ಬೆಳೆಯುವ ವಯಸ್ಸು, ಓಟದ ಅಭ್ಯಾಸ ಬೇರೆ. ಬಿರುಸಿನ ಓಟದಲ್ಲಿ ಸ್ನಾಯುಗಳು ನೆಚ್ಚುವುದು ಗ್ಲೈಕೋಜೆನನ್ನೇ, ಅದು ಮುಗಿದಾಗ ಕಾಲು ಕಲ್ಲಾಗುತ್ತದೆ. ನಿಮಗೆ ಇಳಿಸಿದ ಅನ್ನವನ್ನು ಅವನಿಗೆ ಏರಿಸಿದರೂ ತಪ್ಪಿಲ್ಲ. ಸಿಹಿ ಪಾನೀಯದ ಮಾತು ಮಾತ್ರ ಇಬ್ಬರಿಗೂ ಒಂದೇ.

ಇಷ್ಟಾಗಿಯೂ ಕೆಲವು ತಿಂಗಳು ಕಾರ್ಬೋಹೈಡ್ರೇಟ್ ಬಹಳ ಕಡಿಮೆ ಮಾಡಿ ನೋಡುತ್ತೇನೆ ಎನ್ನುವಿರಾದರೆ, ಮಾತ್ರೆಯಿಲ್ಲದ ನಿಮ್ಮಂಥವರಿಗೆ ತಕ್ಷಣದ ಅಪಾಯ ಕಡಿಮೆ. ಇದನ್ನು ಓದುವ ಬೇರೆಯವರಿಗೆ ಹಾಗಲ್ಲ. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ (ಇನ್ಸುಲಿನ್ ಸ್ರಾವ ಹೆಚ್ಚಿಸುವ) ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬದಲಿಸಿಕೊಳ್ಳದೆ ಅನ್ನ ನಿಲ್ಲಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಹೆಸರಿನ ಮಧುಮೇಹದ ಮಾತ್ರೆ ನುಂಗುವವರಲ್ಲಿ ಸಕ್ಕರೆ ಹೆಚ್ಚು ಏರದೆಯೇ ಕೀಟೊಆಸಿಡೋಸಿಸ್ (ಕೀಟೋನುಗಳು ಮಿತಿಮೀರಿ ರಕ್ತ ಆಮ್ಲೀಯವಾಗುವುದು) ಬರಬಹುದು, ಅದು ತುರ್ತು ಚಿಕಿತ್ಸೆ ಬೇಡುವ ಸ್ಥಿತಿ. ಗರ್ಭಿಣಿಯರು ಈ ಪ್ರಯೋಗಕ್ಕೆ ಹೋಗಲೇಬಾರದು. ಇನ್ನು ಅನ್ನದ ಜಾಗದಲ್ಲಿ ಏನು ಕೂರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಅಮೆರಿಕದ 15,428 ಜನರನ್ನು ಸುಮಾರು 25 ವರ್ಷ ಗಮನಿಸಿದ ಅಧ್ಯಯನವೊಂದರಲ್ಲಿ ಶಕ್ತಿಯ ಶೇ 50ರಿಂದ 55 ಕಾರ್ಬೋಹೈಡ್ರೇಟಿನಿಂದ ಪಡೆದವರಲ್ಲಿ ಸಾವಿನ ಪ್ರಮಾಣ ಅತಿ ಕಡಿಮೆ ಇತ್ತು. ಅದನ್ನು ಇಳಿಸಿ ಮಾಂಸದ ಪ್ರೋಟೀನ್, ಕೊಬ್ಬು ತುಂಬಿಕೊಂಡವರಲ್ಲಿ ಹೆಚ್ಚು, ಕಾಳು, ಬೀಜಗಳನ್ನು ತುಂಬಿಕೊಂಡವರಲ್ಲಿ ಕಡಿಮೆ. ಗಮನಿಸಿ ಬರೆದಿಟ್ಟ ಅಧ್ಯಯನ ಅದು, ಕಾರಣವನ್ನು ರುಜುವಾತು ಮಾಡುವುದಿಲ್ಲ. ಆದರೂ ಅನ್ನ ಬಿಟ್ಟು ಬೇಕನ್ ಹಿಡಿಯುವವರು ಒಮ್ಮೆ ಓದಬೇಕಾದ್ದು.

ಎಚ್‌ಬಿಎ1ಸಿಯನ್ನು ಮೂರು ತಿಂಗಳ ನಂತರ ಮತ್ತೆ ಮಾಡಿಸಿ, ಅದಕ್ಕೂ ಮೊದಲು ಬೇಡ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ಹಳೆಯ ಕಣಗಳಿಗೆ ಅಂಟಿದ ಸಕ್ಕರೆ ನಿಮ್ಮ ಹೊಸ ಊಟವನ್ನು ಬೇಗ ಒಪ್ಪಿಕೊಳ್ಳುವುದಿಲ್ಲ. ಅದೇ ದಿನ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಬರೆಸಿಕೊಳ್ಳಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ, ಸಕ್ಕರೆ ಏರದಿದ್ದರೂ ಎಚ್‌ಬಿಎ1ಸಿ ಸ್ವಲ್ಪ ಹೆಚ್ಚಾಗಿ ಕಾಣಿಸಬಹುದು.